ಹಲವು ಮನೆಮಾತಿನ ಮಕ್ಕಳಿರುವ ತರಗತಿಗೆ ವರ್ಷದ ಯೋಜನೆ ಹೇಗೆ ಮಾಡುವುದು? ಹೊಸ ಶಿಕ್ಷಣ ನೀತಿ ಬರುವವರೆಗೆ ಕಾಯಬೇಕಾ?

ಮಂಗಳೂರಿನ ನಿಮ್ಮ ಶಾಲೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹಿಂದಿ ಮಾತಾಡುವ ಮಕ್ಕಳು ಒಂದೇ ನಾಲ್ಕನೇ ತರಗತಿಯಲ್ಲಿದ್ದಾರೆ, ವಿಶೇಷ ಅಗತ್ಯದ ಇಬ್ಬರೂ ಇದ್ದಾರೆ, ಪ್ರತಿ ಗುಂಪಿಗೂ ಬೇರೆ ಬೇರೆ ಯೋಜನೆ ಹೇಗೆ ಮಾಡಲಿ, ಅಥವಾ ನೀತಿ ಗಟ್ಟಿಯಾಗುವವರೆಗೆ ಕಾಯಲೇ ಅಂತ ಕೇಳಿದ್ದೀರಿ. ಕಾಯಬೇಡಿ. ಗುಂಪಿಗೊಂದು ಯೋಜನೆಯನ್ನೂ ಮಾಡಬೇಡಿ. 2023ರಲ್ಲಿ ನಾನು ಅದನ್ನೇ ಮಾಡಿದ್ದೆ.

ನಾನು ಉಡುಪಿ ಜಿಲ್ಲೆಯವಳು. ಆಗ ಮಲ್ಪೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಇದೇ ನಾಲ್ಕನೇ ತರಗತಿ ನನ್ನದಾಗಿತ್ತು. ಮೊಗವೀರರ ಮನೆಯ ಮಕ್ಕಳು, ಬ್ಯಾರಿ ಮಕ್ಕಳು, ಕೊಂಕಣಿ ಮಾತಾಡುವವರು, ಬಂದರಿನ ಕೆಲಸಕ್ಕೆ ಕೊಪ್ಪಳ, ಬಾಗಲಕೋಟೆ, ಆಂಧ್ರದಿಂದ ಬಂದವರ ಮಕ್ಕಳು. ನೀತಿಯ ಗೊಂದಲ ಆಗಲೂ ಇತ್ತು. ಸರ್ಕಾರ ಆಗಷ್ಟೇ ಬದಲಾಗಿತ್ತು, ಎನ್‌ಇಪಿ (ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿ) ಇರುವುದಿಲ್ಲ, ರಾಜ್ಯದ್ದೇ ನೀತಿ ಬರುತ್ತದೆ ಅಂತ ಮಾತು. ಅದಕ್ಕಿಂತ ಜಾಸ್ತಿ ನನ್ನನ್ನು ಹೆದರಿಸಿದ್ದು ಐದನೇ ತರಗತಿಯ ಮೌಲ್ಯಾಂಕನ. ಆ ಮಾರ್ಚ್‌ನಲ್ಲಷ್ಟೇ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದಲ್ಲಿ ಅದು ನಡೆದಿತ್ತು. ನನ್ನ ಮಕ್ಕಳು ಮುಂದಿನ ವರ್ಷ ಅದನ್ನೇ ಬರೆಯುವವರು. ಇವರಲ್ಲಿ ಯಾರು ದಾಟುತ್ತಾರೆ, ಯಾರು ಇಲ್ಲ ಅನ್ನುವುದೇ ನನ್ನ ತಲೆಯಲ್ಲಿ ಕೂತಿತ್ತು.

ಹಾಗಾಗಿ ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕೊರತೆ ತುಂಬಲು ವರ್ಷದ ಆರಂಭದಲ್ಲಿ ಮಾಡುವ ಪಾಠ) ಪೂರ್ವ ಪರೀಕ್ಷೆ ಮಾಡಿದೆ. ಅಂಕ ನೋಡಿ ಮೂರು ಗುಂಪು ಮಾಡಿದೆ. ಮಲ್ಲಿಗೆ, ಸೇವಂತಿಗೆ, ಕೇಪಳ ಅಂತ ಹೆಸರಿಟ್ಟೆ. ಮೂರಕ್ಕೂ ಬೇರೆ ಪಾಠ ಹಂಚಿಕೆ, ಬೇರೆ ವರ್ಕ್‌ಶೀಟ್. ನೋಡಿದವರೆಲ್ಲ ಹೊಗಳಿದರು. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಆ ಫೈಲನ್ನು ಎಲ್ಲರಿಗೂ ತೋರಿಸಿದರು.

ಆ ಫೈಲಲ್ಲಿ ಎಲ್ಲಿ ತಪ್ಪಿತ್ತು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಯಾಕೆಂದರೆ ನೀವು ಈಗ ಹೋಗುತ್ತಿರುವ ದಾರಿ ಅದೇ.

ನನ್ನ ಗಣಿತದ ಪ್ರಶ್ನೆಪತ್ರಿಕೆ ಕನ್ನಡ ವಾಕ್ಯಗಳಲ್ಲಿತ್ತು. 'ಒಂದು ಬುಟ್ಟಿಯಲ್ಲಿ 48 ಬಂಗುಡೆ ಮೀನುಗಳಿವೆ. ಅವನ್ನು 6 ಮನೆಗಳಿಗೆ ಸಮನಾಗಿ ಹಂಚಿದರೆ ಒಂದು ಮನೆಗೆ ಎಷ್ಟು ಸಿಗುತ್ತವೆ?' ಇದನ್ನು ಬಿಡಿಸಬೇಕಾದರೆ ಮೊದಲು ಓದಬೇಕು. ಓದಲು ಬಾರದ ಮಗು ಹಾಳೆ ಖಾಲಿ ಬಿಡುತ್ತದೆ. ಖಾಲಿ ಹಾಳೆಗೆ ನಾನು ಸೊನ್ನೆ ಕೊಟ್ಟೆ. ಆ ಸೊನ್ನೆಯನ್ನು ಗಣಿತದ ಕಾಲಂನಲ್ಲಿ ಬರೆದೆ. ಅಂದರೆ ಕನ್ನಡ ಓದನ್ನು ಎರಡು ಸಲ ಪರೀಕ್ಷೆ ಮಾಡಿದ್ದೆ, ಲೆಕ್ಕವನ್ನು ಒಂದು ಸಲವೂ ಮಾಡಿರಲಿಲ್ಲ. ಕೇಪಳ ಗುಂಪಿನಲ್ಲಿ ಇದ್ದವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಇಲ್ಲದ ಮಕ್ಕಳು. ಅದು ಕಣ್ಣಿಗೆ ಬಿದ್ದಿತ್ತು. ಆದರೆ ಹೊರಗಿನಿಂದ ಬಂದವರು, ಶಾಲೆ ಬಿಟ್ಟು ಬಿಟ್ಟು ಓದಿದವರು, ಹಿಂದೆ ಇರುತ್ತಾರೆ ಅಂತ ಅಂದುಕೊಂಡು ಮುಂದೆ ಹೋದೆ.

ಇನ್ನೊಂದಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ. ಕೆಲಸ ಇಲ್ಲ ಅಂದಮೇಲೆ ಹೊರಗಿನ ಕುಟುಂಬಗಳು ಮೇ ಕೊನೆಗೇ ಊರಿಗೆ ಹೋಗುತ್ತವೆ, ಆಗಸ್ಟ್‌ನಲ್ಲಿ ಬರುತ್ತವೆ. ನಮ್ಮ ಸೇತುಬಂಧ ಜೂನ್‌ನಲ್ಲಿ. ಮೊದಲ ರೂಪಣಾತ್ಮಕ ಮೌಲ್ಯಮಾಪನ ಜುಲೈಯಲ್ಲಿ. ಸೇತುಬಂಧ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರೇ ಆ ಹೊತ್ತಿಗೆ ಊರಲ್ಲಿಲ್ಲ! ಆಗಸ್ಟ್‌ನಲ್ಲಿ ಬಂದವರನ್ನು ನಾನು ಪರೀಕ್ಷೆ ಕೂಡ ಮಾಡದೆ ನೇರವಾಗಿ ಕೇಪಳಕ್ಕೆ ಸೇರಿಸಿದೆ. ಸಮಯ ಇರಲಿಲ್ಲ ಅನ್ನುವುದು ನಿಜ. ಮಳೆ ರಜೆಯ ಪಾಠಗಳನ್ನು ಶನಿವಾರ ಮಧ್ಯಾಹ್ನ ಮುಗಿಸುತ್ತಿದ್ದೆವು. ಆದರೂ ಒಂದು ಮಗುವಿನ ಜೊತೆ ಹತ್ತು ನಿಮಿಷ ಕೂರುವಷ್ಟು ಸಮಯ ಇತ್ತು.

ಮೂರನೆಯದು, ಗುಂಪು ಬದಲಾಗಲೇ ಇಲ್ಲ. ಬೇರೆ ವರ್ಕ್‌ಶೀಟ್ ಮಾಡಿದ ಮೇಲೆ ಬದಲಾಗುವುದೂ ಕಷ್ಟ. ಮಲ್ಲಿಗೆಯವರು ಭಿನ್ನರಾಶಿಗೆ ಹೋದಾಗ ಕೇಪಳದವರು ಇನ್ನೂ ಎರಡಂಕಿಯ ಕೂಡುವ ಲೆಕ್ಕದಲ್ಲಿ. ಭಿನ್ನರಾಶಿಯನ್ನು ಕೇಳಿಯೇ ಇಲ್ಲದ ಮಗು ಮಲ್ಲಿಗೆಗೆ ಹಾರುವುದು ಹೇಗೆ? ಗುಂಪಿಗೊಂದು ಯೋಜನೆ ಬರೆದ ದಿನವೇ ಕೆಳಗಿನವರನ್ನು ಕೆಳಗೇ ಉಳಿಸುವ ಏರ್ಪಾಡು ಆಗಿಬಿಟ್ಟಿತ್ತು. ಹೂವಿನ ಹೆಸರು ಇಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂತ ತಿಳಿಯಬೇಡಿ. ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಗಿತ್ತು.

ಕೇಪಳದಲ್ಲಿ ಒಬ್ಬಳು ಹುಡುಗಿ ಇದ್ದಳು. ಮನೆಯಲ್ಲಿ ತೆಲುಗು. ಅಮ್ಮ ಬಂದರಿನಲ್ಲಿ ಮೀನು ಬೇರ್ಪಡಿಸುವ ಕೆಲಸ. ಫೆಬ್ರವರಿಯಲ್ಲಿ ನಮ್ಮ ಶಾಲೆಯಲ್ಲಿ ಮೆಟ್ರಿಕ್ ಮೇಳ ಇತ್ತು, ಮಕ್ಕಳೇ ತರಕಾರಿ ಮಾರುವುದು. ಅವಳ ಮುಂದೆ ಬಸಳೆ. ಕಟ್ಟೊಂದಕ್ಕೆ 15 ರೂಪಾಯಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಏಳು ಕಟ್ಟು ತೆಗೆದುಕೊಂಡು 200ರ ನೋಟು ಕೊಟ್ಟರು. ಅವರು ಚೀಲದ ಬಾಯಿ ಕಟ್ಟುವುದರೊಳಗೆ ಅವಳು 95 ರೂಪಾಯಿ ಎಣಿಸಿ ಕೈಗಿಟ್ಟಳು. ಅದೇ ಹುಡುಗಿಗೆ ನಾನು ವರ್ಷವಿಡೀ 23ಕ್ಕೆ 14 ಕೂಡಿಸು ಅಂತ ಕೊಡುತ್ತಿದ್ದೆ.

ಪಕ್ಕದ ಕೋಣೆಯಲ್ಲಿ ಚಿಕ್ಕ ತರಗತಿಗಳಿಗೆ ನಲಿಕಲಿ ಪದ್ಧತಿಯಲ್ಲಿ ಕಲಿಸುವ ಅಕ್ಕ ನನ್ನ ಜೊತೆಗೇ ನಿಂತಿದ್ದರು. ‘ನೀನು ಜೂನ್‌ನಲ್ಲಿ ಲೆಕ್ಕ ನೋಡಿದ್ದಾ ಮಾರಾಯ್ತಿ, ಓದುವುದನ್ನು ನೋಡಿದ್ದಾ?’ ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ವರ್ಷದ ಕೊನೆಯ ಎರಡು ತಿಂಗಳಲ್ಲಿ ಏನು ಸರಿಮಾಡಲಿಕ್ಕಾಗುತ್ತದೆ? ಅವಳ ಪ್ರಗತಿ ಪತ್ರದಲ್ಲಿ ಗಣಿತಕ್ಕೆ ಆಗಲೇ 'ಸಿ' ಬಿದ್ದಿತ್ತು. ಮೇಯಲ್ಲಿ ಊರಿಗೆ ಹೋದವಳು ಆಗಸ್ಟ್‌ನಲ್ಲಿ ಬರಲಿಲ್ಲ. ಅಮ್ಮ ಒಬ್ಬರೇ ಬಂದಿದ್ದರು. ‘ನನಗೆ ಓದು ಹತ್ತುವುದಿಲ್ಲ ಅಂತ ಅವಳೇ ಹೇಳುತ್ತಾಳೆ ಟೀಚರ್, ಅಜ್ಜಿ ಜೊತೆ ಇರಲಿ ಅಂತ ಬಿಟ್ಟು ಬಂದೆ’ ಅಂದರು. ಅವಳಿಗೆ ಹಾಗೆ ಹೇಳಿಕೊಟ್ಟದ್ದು ನನ್ನ ಯೋಜನೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು.

ಮತ್ತೆ ಯಾವ ಪರೀಕ್ಷೆಗೆ ಹೆದರಿ ಇಷ್ಟೆಲ್ಲ ಮಾಡಿದೆನೋ ಅದರ ಕಥೆ ನಿಮಗೂ ಗೊತ್ತಿರಬಹುದು. 2024ರ ಮಾರ್ಚ್‌ನಲ್ಲಿ ಆ ಪರೀಕ್ಷೆ ಕೋರ್ಟುಗಳ ನಡುವೆ ಓಡಾಡಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಅದಕ್ಕೇ ನಾನು ಕಾಯಬೇಡಿ ಅನ್ನುವುದು. ಎನ್‌ಇಪಿ 2020ರ ಜುಲೈಯಲ್ಲಿ ಬಂತು. ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಿ ಅಂದಿತು. ರಾಜ್ಯದ ನೀತಿಗಾಗಿ ಸುಖದೇವ್ ಥೋರಟ್ ಅವರ ಆಯೋಗವನ್ನು 2023ರ ಅಕ್ಟೋಬರ್‌ನಲ್ಲಿ ಮಾಡಿದರು, 2025ರ ಆಗಸ್ಟ್‌ನಲ್ಲಿ ಅದು ವರದಿ ಕೊಟ್ಟಿತು. ಅದೂ ಕನ್ನಡ ಅಥವಾ ಮಾತೃಭಾಷೆ ಅನ್ನುತ್ತದೆ, ಎರಡು ಭಾಷೆ ಸಾಕು ಅನ್ನುತ್ತದೆ. ಎರಡನ್ನೂ ಓದಿ, ಓದಬೇಡಿ ಅನ್ನುವುದಿಲ್ಲ. ಆದರೆ ನಿಮ್ಮ ತರಗತಿಯಲ್ಲಿ ಮಾತೃಭಾಷೆ ಯಾವುದು? ನಮ್ಮಲ್ಲಿ ತುಳು ಶಾಲೆಗೆ ಬರುವುದೇ ಆರನೇ ತರಗತಿಯಿಂದ, ಅದೂ ಮೂರನೇ ಭಾಷೆಯಾಗಿ. ಬ್ಯಾರಿ ಮಗುವಿಗೆ ನಾಲ್ಕನೆಯ ತರಗತಿಯ ಗಣಿತ ಪುಸ್ತಕ ಯಾವ ನೀತಿಯೂ ನಾಳೆ ಬೆಳಗ್ಗೆ ತಂದುಕೊಡುವುದಿಲ್ಲ. ಯಾವ ನೀತಿ ಬಂದರೂ ಜೂನ್‌ನಲ್ಲಿ ಬೆಂಚಿನ ಮೇಲೆ ಕೂರುವುದು ಇದೇ ಮಕ್ಕಳು.

ನಾನು ಮರುವರ್ಷ ಮಾಡಿದ್ದು ಹೇಳುತ್ತೇನೆ. ಮೊದಲು ಹೋಗಿ ನಲಿಕಲಿ ಕೋಣೆಯಲ್ಲಿ ಕೂತೆ. ಇಷ್ಟು ವರ್ಷ ಅದು ಚಿಕ್ಕ ಮಕ್ಕಳ ಆಟ ಅಂತ ಒಳಗೇ ಹೋಗಿರಲಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ನಮ್ಮಂಥ ಮೇಷ್ಟ್ರುಗಳೇ ಕಟ್ಟಿದ ಪದ್ಧತಿ ಅದು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅಲ್ಲೂ ಗುಂಪುಗಳಿವೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು, ಸ್ವಲ್ಪ ಬೇಕಾದವರು, ಗೆಳೆಯರ ಸಹಾಯದಿಂದ ಮಾಡುವವರು, ತಾವೇ ಮಾಡುವವರು. ಆದರೆ ಮಗು ಎಲ್ಲಿ ಕೂರಬೇಕು ಅನ್ನುವುದನ್ನು ಆ ದಿನದ ಚಟುವಟಿಕೆಯ ಕಾರ್ಡು ಹೇಳುತ್ತದೆ. ಇವತ್ತು ಟೀಚರ್ ಪಕ್ಕ ಕೂತ ಮಗು ನಾಳೆ ತಾನೇ ಮಾಡುವ ಗುಂಪಿನಲ್ಲಿ. ಕನ್ನಡದಲ್ಲಿ ಒಂದು ಕಡೆ, ಗಣಿತದಲ್ಲಿ ಇನ್ನೊಂದು ಕಡೆ. ಯಾರಿಗೂ ಹಣೆಪಟ್ಟಿ ಇಲ್ಲ. ನಾಲ್ಕನೇ ತರಗತಿಗೆ ಬಂದ ಕೂಡಲೇ ನಾವು ಇದನ್ನೆಲ್ಲ ಬಿಟ್ಟು ಪಠ್ಯಪುಸ್ತಕದ ಮೊದಲ ಪುಟ ತೆರೆಯುತ್ತೇವೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಶಾಲೆಗಳಲ್ಲಿ ಮಕ್ಕಳು ಜಾರಿ ಬೀಳುವುದು ಇಲ್ಲೇ, ಮೂರು ಮತ್ತು ನಾಲ್ಕರ ನಡುವೆ.

ಹಾಗಾಗಿ ಎಲ್ಲರಿಗೂ ಒಂದೇ ಯೋಜನೆ ಬರೆದೆ. ಪ್ರತಿ ಘಟಕಕ್ಕೆ ಒಂದೇ ವಾಕ್ಯ: ಇದು ಮುಗಿದಾಗ ಪ್ರತಿ ಮಗುವಿಗೂ ಏನು ಬರಲೇಬೇಕು. ಭಿನ್ನರಾಶಿಗೆ ನಾನು ಬರೆದದ್ದು, ‘ಅರ್ಧ ಮತ್ತು ಕಾಲನ್ನು ತೋರಿಸಬೇಕು, ಯಾವುದು ದೊಡ್ಡದು ಯಾಕೆ ಅಂತ ಹೇಳಬೇಕು.’ ಅಷ್ಟೇ. ಪುಸ್ತಕದಲ್ಲಿರುವ ಉಳಿದದ್ದು ಅದರ ಮೇಲೆ. ಎಲ್ಲರೂ ಅದೇ ದಿನ ಅದೇ ವಿಷಯ ಶುರು ಮಾಡುತ್ತಾರೆ. ಯಾರೋ ಕಾಗದ ಮಡಚುತ್ತಾರೆ, ಯಾರೋ ತಕ್ಕಡಿಯಲ್ಲಿ ಅರ್ಧ ಕಿಲೋ ಕಾಲು ಕಿಲೋ ತೂಗುತ್ತಾರೆ, ಯಾರೋ ಪುಸ್ತಕದ ಲೆಕ್ಕ ಬರೆಯುತ್ತಾರೆ. ಉತ್ತರವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ನನಗೆ ತೆಲುಗು ಬರುವುದಿಲ್ಲ, ಆದರೆ ಐದನೇ ತರಗತಿಯ ಒಬ್ಬ ಹುಡುಗನಿಗೆ ಬರುತ್ತದೆ. ಅವನನ್ನು ಕರೆಸುತ್ತಿದ್ದೆ. ‘ಹೀಗಾದರೆ ಇವರು ಕನ್ನಡ ಕಲಿಯುವುದು ಯಾವಾಗ?’ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಕನ್ನಡದ ಅವಧಿಯಲ್ಲಿ ಕಲಿಯುತ್ತಾರೆ, ಜೊತೆಗೆ ಗಣಿತದಲ್ಲೂ ಗೆದ್ದ ಮಗು ಕನ್ನಡಕ್ಕೆ ಧೈರ್ಯವಾಗಿ ಬಾಯಿ ಬಿಡುತ್ತದೆ. ನಾನು ಕಣ್ಣಾರೆ ಕಂಡದ್ದು.

ಗುಂಪು ಮಾಡಿದೆ, ಆದರೆ ಒಂದು ವಿಷಯಕ್ಕೆ ಮಾತ್ರ, ಶುಕ್ರವಾರಕ್ಕೆ ಮುಗಿಯುವ ಹಾಗೆ. ಸೋಮವಾರ ಮತ್ತೆ ಎಲ್ಲರೂ ಕಲೆತು ಕೂರುತ್ತಾರೆ. ಗುಂಪಿಗೆ ಹೆಸರು ಇಡಲೇ ಇಲ್ಲ.

ಆಗಸ್ಟ್‌ನಲ್ಲಿ ಎರಡನೇ ಸೇತುಬಂಧ ಮಾಡಿದೆ. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ, ಮುಖ್ಯ ಶಿಕ್ಷಕರು ಒಪ್ಪಿದರೆ ಸಾಕು. ಹೊಸದಾಗಿ ಬಂದ ಒಂದೊಂದು ಮಗುವನ್ನೂ ಬದಿಗೆ ಕೂರಿಸಿ, ಬೀಜ, ಕಡ್ಡಿ, ಆಟದ ನೋಟು ಇಟ್ಟು ಮಾತಾಡುತ್ತಾ ಲೆಕ್ಕ ಕೇಳುವುದು. ಓದುವುದನ್ನು ಬೇರೆ ದಿನ ನೋಡುವುದು. ಎರಡನ್ನೂ ಬೆರೆಸಬೇಡಿ, ದಯವಿಟ್ಟು. ಇನ್ನು ಮಳೆ ರಜೆ ಹೇಗೂ ಬರುತ್ತದೆ, ಹಾಗಾಗಿ ಜೂನ್ ಜುಲೈಗೆ ಮುಂದೆ ಮತ್ತೆ ಮತ್ತೆ ಬರುವ ವಿಷಯಗಳನ್ನೇ ಇಡಿ. ಒಂದೇ ಸಲ ಬಂದು ಹೋಗುವ ಘಟಕವನ್ನು ಜುಲೈಯಲ್ಲಿ ಮುಗಿಸಿದರೆ ಬಂದರಿನ ಮಕ್ಕಳಿಗೆ ಅದು ಯಾವತ್ತೂ ಸಿಗುವುದಿಲ್ಲ.

ವಿಶೇಷ ಅಗತ್ಯದ ಇಬ್ಬರ ಬಗ್ಗೆ ನೀವು ಬೇರೆ ಪಠ್ಯಕ್ರಮ ಬೇಕಾ ಅಂತ ಕೇಳಿದ್ದೀರಿ. ಅವರ ಸಮಸ್ಯೆ ಏನು ಅಂತ ಬರೆದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ, ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಕಣ್ಣು ಮಂಜಾದ ಮಗುವಿಗೂ ಡಿಸ್ಲೆಕ್ಸಿಯಾ ಇರುವ ಮಗುವಿಗೂ ಒಂದೇ ಉತ್ತರ ಆಗುವುದಿಲ್ಲ. ಆದರೂ ಶುರು ಮಾಡುವುದು ಅದೇ ಒಂದು ವಾಕ್ಯದಿಂದ. ನನ್ನಲ್ಲಿ ಬರೆಯಲಿಕ್ಕೆ ತುಂಬಾ ಕಷ್ಟಪಡುವ ಹುಡುಗ ಒಬ್ಬನಿದ್ದ. ಅರ್ಧ, ಕಾಲು ತೋರಿಸಲು ಬರೆಯಲೇಬೇಕು ಅಂತ ಇಲ್ಲವಲ್ಲ. ಅವನು ಮಡಚಿದ, ಹೇಳಿದ, ನಾನು ಗುರುತು ಹಾಕಿಕೊಂಡೆ. ನಿಮ್ಮ ತಾಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ಯಾರು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. ಅವರು ಬಂದಾಗ ಮಗುವನ್ನು ತೋರಿಸಿ ಸುಮ್ನೆ ಕೂರಬೇಡಿ. ಮುಂದಿನ ಎರಡು ಘಟಕಗಳನ್ನು ಮುಂದಿಟ್ಟು, ಇದರಲ್ಲಿ ಈ ಮಗುವಿಗೆ ಎಲ್ಲಿ ತೊಡಕಾಗುತ್ತದೆ ಅಂತ ಮೊದಲೇ ಕೇಳಿ. ಪಾಠ ಮುಗಿದ ಮೇಲೆ ಕೇಳಿದರೆ ಅವರಿಂದಲೂ ಏನೂ ಆಗುವುದಿಲ್ಲ.

ಇದರಿಂದ ಎಲ್ಲ ಸರಿಹೋಯಿತಾ ಅಂದರೆ ಇಲ್ಲ. ಓದಿನಲ್ಲಿ ಹಿಂದೆ ಇದ್ದ ಕೆಲವರು ಮಾರ್ಚ್‌ನಲ್ಲೂ ಹಿಂದೆಯೇ ಇದ್ದರು. ಆದರೆ ಲೆಕ್ಕ ಬರುವ ಮಗು ಲೆಕ್ಕ ಬಾರದವರ ಸಾಲಿನಲ್ಲಿ ಕೂರಲಿಲ್ಲ. ಮೇಯಲ್ಲಿ ಊರಿಗೆ ಹೋದವರಲ್ಲಿ ಹೆಚ್ಚಿನವರು ಆಗಸ್ಟ್‌ನಲ್ಲಿ ತಾವಾಗಿಯೇ ಬಂದರು.

ನಿಮ್ಮ ಶಾಲೆ ಮಂಗಳೂರಿನಲ್ಲಿ ಯಾವ ಕಡೆ ಅಂತ ತಿಳಿಸಿದರೆ ಇನ್ನೂ ಸರಿಯಾಗಿ ಹೇಳಬಹುದು. ಬಂದರು, ದಕ್ಕೆ ಕಡೆಯಾದರೆ ಆಗಸ್ಟ್ ಮೊದಲ ವಾರದ ಸಾಮಾನು ಈಗಲೇ ಸೇರಿಸಿಡಿ. ಕಟ್ಟಡ ಕೆಲಸದವರ ಮಕ್ಕಳೇ ಜಾಸ್ತಿ ಇದ್ದರೆ ಅವರು ಬರುವ ಹೋಗುವ ತಿಂಗಳು ಬೇರೆ ಇರುತ್ತದೆ. ಹಿಂದಿನ ಎರಡು ವರ್ಷದ ಹಾಜರಾತಿ ಪುಸ್ತಕ ತೆಗೆದು ಯಾವ ತಿಂಗಳಲ್ಲಿ ಯಾರು ಇಲ್ಲ ಅಂತ ಮೊದಲು ನೋಡಿ. ಪಾಠ ಹಂಚಿಕೆಯನ್ನು ಅದಾದ ಮೇಲೆ ಬರೆಯಿರಿ.