ಈಗಿನ ಶಾಲಾ ಪದ್ಧತಿ ಕಾರ್ಖಾನೆಗೆ ಆಳು ತಯಾರಿಸಲೆಂದೇ ಹುಟ್ಟಿದ್ದೇ?

ನೀವು ಕೇಳಿದ್ದು ಎರಡು ಪ್ರಶ್ನೆ. ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದವರು ಕಾರ್ಖಾನೆಗೆ ಆಳು ಬೇಕೆಂದು ಈ ಶಾಲಾ ಪದ್ಧತಿ ಶುರು ಮಾಡಿದ್ದು ನಿಜವೇ? ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅದಕ್ಕೂ ಏನು ಸಂಬಂಧ? ಮೊದಲನೆಯದು ಇಸವಿಯ ಲೆಕ್ಕಕ್ಕೇ ಕೂಡಿಬರುವುದಿಲ್ಲ. ಎರಡನೆಯದಕ್ಕೆ ಸಂಬಂಧ ಇದೆ, ಬಹಳವೇ ಇದೆ.

ಪ್ರಷ್ಯಾದ ದೊರೆ ಎರಡನೇ ಫ್ರೆಡ್ರಿಕ್ ಹಳ್ಳಿ ಶಾಲೆಗಳಿಗೆ ನಿಯಮ ಮಾಡಿದ್ದು 1763ರಲ್ಲಿ. ಅಲ್ಲಿಗೆ ದೊಡ್ಡ ಕಾರ್ಖಾನೆಗಳು ಬರಲು ಇನ್ನೂ ಎಷ್ಟೋ ವರ್ಷ ಇತ್ತು. 5ನೇ ವಯಸ್ಸಿನಿಂದ 13–14ರವರೆಗೆ ಮಕ್ಕಳನ್ನು ಕಳಿಸಲೇಬೇಕು. ಚಳಿಗಾಲದಲ್ಲಿ ಬೆಳಿಗ್ಗೆ 8ರಿಂದ 11, ಮಧ್ಯಾಹ್ನ 1ರಿಂದ 4. ಬೇಸಗೆಯಲ್ಲಿ ಕಡಿಮೆ ಹೊತ್ತು. ಕಲಿಸಬೇಕಾದದ್ದು ಓದು, ಬರಹ ಮತ್ತು ಕ್ರೈಸ್ತ ಧರ್ಮಪಾಠ. ದೊರೆಗೆ ಬೇಕಿದ್ದದ್ದು ಹೇಳಿದ ಮಾತು ಕೇಳುವ ಪ್ರಜೆ. 1806ರಲ್ಲಿ ನೆಪೋಲಿಯನ್ನನ ಕೈಯಲ್ಲಿ ಸೋತ ಮೇಲೆ ದಾರ್ಶನಿಕ ಫಿಷ್ಟೆಯಂಥವರು ಶಿಕ್ಷಣದಿಂದಲೇ ರಾಷ್ಟ್ರ ಕಟ್ಟಬೇಕು ಎಂದರು. ಕಸುಬು ಕಲಿಸುವ ಮೊದಲು ಮನುಷ್ಯನನ್ನು ರೂಪಿಸಿ ಎಂದದ್ದು ಅಲ್ಲಿನ ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ಹುಂಬೋಲ್ಟ್. ಹೆಣ್ಣು ಗಂಡು, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಎಲ್ಲವನ್ನೂ ಕಲಿಸಬೇಕೆಂದು ಶಿಕ್ಷಣ ಚಿಂತಕ ಕೊಮೀನಿಯಸ್ 17ನೇ ಶತಮಾನದಲ್ಲೇ ವಾದಿಸಿದ್ದ. ಹೀಗೆ ಒಂದೇ ಶಾಲೆಯೊಳಗೆ ಎರಡು ತತ್ವಗಳು ಸೇರಿಕೊಂಡವು: ಪ್ರತಿ ಮಗುವೂ ಕಲಿಯಬಲ್ಲದು ಎಂಬುದು ಒಂದು, ರಾಜ್ಯಕ್ಕೆ ಒಂದೇ ಅಚ್ಚಿನ ಪ್ರಜೆ ಬೇಕು ಎಂಬುದು ಇನ್ನೊಂದು.

ಮೂರನೆಯದೂ ಒಂದುಂಟು, ಅದು ಖರ್ಚಿನ ಲೆಕ್ಕ. ಕಾರ್ಖಾನೆಯ ವಾಸನೆ ಬರುವುದು ಇಲ್ಲಿ. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಅಲ್ಲಿನ ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡ. ಅದನ್ನೇ ತನ್ನಲ್ಲಿ ತಂದು, ಕಲಿತ ಹುಡುಗರಿಂದ ಕಿರಿಯರಿಗೆ ಪಾಠ ಮಾಡಿಸಿ 1797ರಲ್ಲಿ ವರದಿ ಅಚ್ಚು ಮಾಡಿಸಿದ. ಲಂಡನ್ನಿನಲ್ಲಿ ಬಡಮಕ್ಕಳ ಶಾಲೆ ನಡೆಸುತ್ತಿದ್ದ ಲ್ಯಾಂಕಾಸ್ಟರ್ ಇದೇ ಬಗೆಯಲ್ಲಿ ಒಬ್ಬ ಅಧ್ಯಾಪಕನ ಕೈಕೆಳಗೆ ನೂರಾರು ಮಕ್ಕಳನ್ನು ಕೂರಿಸಿದ. ಅಗ್ಗವೇನೋ ಹೌದು. ಆದರೆ ಒಂಬತ್ತು ವರ್ಷದ ಹುಡುಗ ತಾನು ಬಾಯಿಪಾಠ ಮಾಡಿದ್ದನ್ನಷ್ಟೇ ದಾಟಿಸಬಲ್ಲ. ಕೇಳುವ ಮಗು ಎಲ್ಲಿ ಎಡವಿತು ಎಂದು ಅವನಿಗೆ ತಿಳಿಯುವುದಿಲ್ಲ. ಇಂಗ್ಲೆಂಡ್ 1846ರಿಂದ ತರಬೇತಿ ಪಡೆಯುವ ಕಿರಿಯ ಅಧ್ಯಾಪಕರ ದಾರಿಗೆ ಹೊರಳಿತು. 1862ರಲ್ಲಿ ಮತ್ತೆ ಹಣದ ಲೆಕ್ಕ ಮೇಲೆದ್ದಿತು: ಹಾಜರಿ ಮತ್ತು ಓದು–ಬರಹ–ಲೆಕ್ಕದ ಪರೀಕ್ಷೆ ನೋಡಿ ಅನುದಾನ. ಅಧ್ಯಾಪಕರು ಒಂದೇ ವಾಚನಪುಸ್ತಕವನ್ನು ವರ್ಷವಿಡೀ ಉರು ಹೊಡೆಸಿದರು, ಉಳಿದ ವಿಷಯಗಳು ಮೂಲೆಗೆ ಬಿದ್ದವು. ಮದ್ರಾಸ್ ಪ್ರಾಂತ್ಯಕ್ಕೂ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಕಾಸರಗೋಡು ಆಗ ಅದರ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು.

ಇನ್ನು ನಮ್ಮ ಶಾಲೆಗಳು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಶಾಲೆ ತೆರೆದ ಆರನೇ ಕೆಲಸದ ದಿನ ತಲೆ ಎಣಿಸುತ್ತಾರಲ್ಲ, ಅಧ್ಯಾಪಕರ ಹುದ್ದೆ ನಿಂತಿರುವುದು ಅದರ ಮೇಲೆ. ಎಲ್‌ಪಿಯಲ್ಲಿ (ಕಿರಿಯ ಪ್ರಾಥಮಿಕ) 30 ಮಕ್ಕಳಿಗೊಬ್ಬ ಅಧ್ಯಾಪಕ ಎಂಬ ಲೆಕ್ಕ. ಕನ್ನಡ ಡಿವಿಷನ್‌ನ ನಾಲ್ಕು ಮಕ್ಕಳು ಏಳನೇ ದಿನ ಬಂದರೆ ಬೆಂಚಿನಲ್ಲಿ ಇರುತ್ತಾರೆ, ಲೆಕ್ಕದಲ್ಲಿ ಇರುವುದಿಲ್ಲ; ಹುದ್ದೆ ಹೋದರೆ ಮರಳಿ ಪಡೆಯುವುದು ಕಷ್ಟ. ಮದುವೆ, ತರವಾಡು (ಮೂಲಮನೆ) ಕಾರ್ಯ ಏನೇ ಇರಲಿ, ಆ ದಿನ ಮಗುವನ್ನು ಕಳಿಸಿ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ, ಆದರೆ ಗಣಿತಕ್ಕೋ ಸಮಾಜಕ್ಕೋ ಬಂದವರಿಗೆ ಕನ್ನಡ ಬಾರದಿದ್ದರೆ? ಪುಸ್ತಕದಲ್ಲಿ ‘ಛೇದ’ ಎಂದಿರುತ್ತದೆ, ಅಧ್ಯಾಪಕರ ಬಾಯಲ್ಲಿ ಮಲಯಾಳದ ಮಾತು. ಮಗು ಕೇಳಿದ್ದನ್ನು ಪುಟದಲ್ಲಿ ಹುಡುಕಿ ಸೋಲುತ್ತದೆ, ಕೊನೆಗೆ ಉತ್ತರವನ್ನೇ ಉರು ಹೊಡೆಯುತ್ತದೆ. ಒಂದೇ ಅಚ್ಚು ಎಂಬ ತತ್ವ ಮಗುವಿನ ಮೇಲೆ ಬೀಳುವ ಬಗೆ ಇದೇ, ನನಗೆ ಇದು ಸಣ್ಣ ಆಡಳಿತ ದೋಷ ಎನಿಸುವುದೇ ಇಲ್ಲ.

ಕನ್ನಡದಲ್ಲೇ ಪಾಠ ಬೇಕೆಂದು ಕೇಳಲು ಕಾನೂನಿನ ಆಧಾರ ಇದೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲೂ ಮಾತೃಭಾಷೆ ಇದೆ, ಆದರೆ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತಿನೊಂದಿಗೆ. ಇಲಾಖೆ ನುಣುಚಿಕೊಳ್ಳುವುದು ಆ ಸಂದಿನಲ್ಲೇ. ಆದ್ದರಿಂದ ಬಾಯಿಮಾತಿನ ದೂರು ಸಾಲದು. ಪಿಟಿಎ (ಪೋಷಕ–ಅಧ್ಯಾಪಕ ಸಂಘ) ಸಭೆಯಲ್ಲಿ ನಿರ್ಣಯ ಬರೆಸಿ. ಯಾವ ತರಗತಿ, ಯಾವ ವಿಷಯ, ವಾರಕ್ಕೆ ಎಷ್ಟು ಪೀರಿಯಡ್, ಎಷ್ಟು ಮಕ್ಕಳು ಎಂದು ನಮೂದಿಸಿ. ಅದರ ಒಂದು ಪ್ರತಿ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ, ಇನ್ನೊಂದು ಪ್ರತಿ 350ಬಿ ವಿಧಿಯಡಿ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಸ್ವೀಕೃತಿ ಪಡೆಯದೆ ಕೊಡಬೇಡಿ.