ಪ್ರತಿಕ್ರಿಯೆ: ಕಾಲೇಜು ಬಿಟ್ಟರೂ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡುತ್ತಿಲ್ಲ
ಕೋರ್ಸ್ ಮಧ್ಯದಲ್ಲೇ ಬಿಟ್ಟ ನಿಮಗೆ ಕಾಲೇಜಿನವರು, ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಮಾತ್ರ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಕೊಡುತ್ತೇವೆ ಅಂದಿದ್ದಾರಲ್ಲ, ಅದು ಬಹುಶಃ ಹೆದರಿಸಿ ದುಡ್ಡು ವಸೂಲಿ ಮಾಡುವ ಆಟ. ಒರಿಜಿನಲ್ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ.

ಮೊದಲು ಪ್ರಿನ್ಸಿಪಾಲರಿಗೆ ಅರ್ಜಿ ಬರೆದು ಕೊಡಿ. ಅದರಲ್ಲೇ ಟಿಸಿಯನ್ನೂ ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕೌಂಟರ್‌ನಲ್ಲಿ ಸುಮ್ನೆ ಜಗಳ ಆಡಬೇಡಿ. ನಾನು ಅದರಲ್ಲೇ ಎರಡು ವಾರ ಕಳೆದೆ.

ವಾರದಲ್ಲಿ ಉತ್ತರ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು ಕೊಡಿ. ಯುಜಿಸಿಯ 2023ರ ನಿಯಮದ ಪ್ರಕಾರ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಸರಿಯಿಲ್ಲ ಅನಿಸಿದರೆ, ಅದು ಕೈಸೇರಿದ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ಇಂಥ ದೂರುಗಳ ಮೇಲ್ಮನವಿ ಕೇಳುವವರು) ಮೇಲ್ಮನವಿ ಹಾಕಬಹುದು. ಜೊತೆಗೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.

ಈ ವರ್ಷದ ಫೀಸು ಬಾಕಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅದರ ಲೆಕ್ಕವೇ ಬೇರೆ. ಮೊದಲು ಅದನ್ನು ಕಟ್ಟಿ ರಸೀದಿ ಇಟ್ಟುಕೊಳ್ಳಿ, ಅವರಿಗೆ ಇನ್ನೊಂದು ನೆಪ ಸಿಗಬಾರದು ಅಲ್ವಾ?