200 ಗಜದಲ್ಲಿ ಪಾಯಿಂಟ್ 22 ರೈಫಲಿನ ಗುಂಡು ಮೇಲೆ-ಕೆಳಗೆ ಚದುರುವುದು: ಪ್ರತಿಕ್ರಿಯೆ

ನಿಮ್ಮ ಗುಂಡುಗಳು 50 ಗಜದಲ್ಲಿ ಒಂದೇ ತೂತು ಮಾಡುತ್ತವೆ, 200ರಲ್ಲಿ ಚದುರುವುದು ಅಗಲ 2 ಇಂಚು, ಎತ್ತರ 6 ಇಂಚು. ಬ್ಯಾರೆಲ್ (ನಳಿಗೆ) ಹೋಯಿತೇ ಅಂತ ಕೇಳಿದ್ದೀರಿ. ಬ್ಯಾರೆಲ್ ಕೆಟ್ಟಿದ್ದರೆ 50ರಲ್ಲೇ ಗೊತ್ತಾಗುತ್ತಿತ್ತು. ನನ್ನ ಅನುಮಾನ ಗುಂಡಿನ ವೇಗದ ಏರುಪೇರಿನ ಮೇಲೆ. ಸೆಕೆಂಡಿಗೆ 1070 ಅಡಿಯ 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡುಗಳ ನಡುವೆ 30 ಅಡಿ ವ್ಯತ್ಯಾಸ ಬಂದರೂ 200ರಲ್ಲಿ ಮೂರು ಇಂಚಿಗೂ ಹೆಚ್ಚು ಮೇಲೆ-ಕೆಳಗಾಗುತ್ತದೆ. 50ರಲ್ಲಿ ಅದೇ ವ್ಯತ್ಯಾಸ ಕಾಲಿಂಚಿನೊಳಗೆ ಅಡಗಿರುತ್ತದೆ.

ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು 20 ಗುಂಡು ಹಾರಿಸಿ. ಅತಿ ವೇಗ, ಅತಿ ನಿಧಾನದ ನಡುವೆ 40 ಅಡಿ ಮೀರಿದರೆ ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಗುಂಡುಗಳ ಕಂತು) ಬದಲಿಸಿ. ಒಂದೇ ಬ್ರ್ಯಾಂಡಿನ ಎರಡು ಲಾಟ್ ಕೂಡ ಬೇರೆ ಬೇರೆ ಥರ ಇರುತ್ತವೆ. ಒಂದೊಂದು ಡಬ್ಬಿ ತಂದು, 200ರಲ್ಲೇ ಪರೀಕ್ಷಿಸಿ, ಒಪ್ಪಿದ ಲಾಟನ್ನು ಒಟ್ಟಿಗೆ ಕೊಳ್ಳಿ. ಬ್ರ್ಯಾಂಡ್ ಬದಲಿಸಿದಾಗ ಮೊದಲ 15-20 ಗುಂಡು ಲೆಕ್ಕಕ್ಕಿಲ್ಲ. ಹೊಸ ಗುಂಡಿಗೆ ಸವರಿದ ಮೇಣ ಬ್ಯಾರೆಲ್ ಒಳಗೆ ಕೂರಬೇಕು. ಸೆಕೆಂಡಿಗೆ 1250 ಅಡಿಯ ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡು ಇಲ್ಲಿ ಬೇಡ, ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಓಲಾಡುತ್ತದೆ.

ಸ್ಕೋಪಿನ (ಗುರಿ ದೂರದರ್ಶಕದ) ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವ ದೋಷದ ಹೊಂದಾಣಿಕೆ, 50 ಗಜಕ್ಕೇ ಕಟ್ಟಿದ್ದರೆ ಅದೂ ಪಾಲುದಾರ. 40 ಮಿ.ಮೀ. ಲೆನ್ಸಿನಲ್ಲಿ ಕಣ್ಣು ಪೂರ್ತಿ ಅಂಚಿಗೆ ಸರಿದರೆ 200ರಲ್ಲಿ ಎರಡು ಇಂಚಿಗೂ ಹೆಚ್ಚು ತಪ್ಪುತ್ತದೆ. ಕೆನ್ನೆ ಪ್ರತಿಸಲ ಒಂದೇ ಜಾಗಕ್ಕೆ ಬರುವಂತೆ ಸ್ಟಾಕಿನ (ಕೆನ್ನೆ ಊರುವ ಹಿಂಬದಿಯ) ಎತ್ತರ ಸರಿಮಾಡಿಕೊಳ್ಳಿ.